ಮಸ್ಟಾಂಗ್, ಕೇಮನ್, ನಡುವೆ ಸಿಕ್ಕಿಕೊಂಡ ನಾನು: ಎರಡು ಕಾರುಗಳನ್ನು ನ್ಯಾಯವಾಗಿ ಹೋಲಿಸುವುದು ಹೇಗೆ?

ಆಲ್ದೂರಿನ ಭಾವಮೈದುನ

ಮನೆಯ ಜಗಳವನ್ನು ಬೀದಿಗೆ ತರಬಾರದು ಎನ್ನುತ್ತಾರೆ. ಈ ಜಗಳ ಮನೆಯೊಳಗೆ ಹಿಡಿಸದಷ್ಟು ಬೆಳೆದಿರುವುದರಿಂದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಕ್ಕನನ್ನು ಕೊಟ್ಟಿರುವುದು ಮೂಡಿಗೆರೆ ಕಡೆಗೆ. ಭಾವನವರ ಬಳಿ 2017ರ ಫೋರ್ಡ್ ಮಸ್ಟಾಂಗ್ ಜಿಟಿ ಇದೆ. ಐದು ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್, ಕಾಗದದ ಪ್ರಕಾರ 401 ಪಿಎಸ್ ಅಶ್ವಶಕ್ತಿ. ಕಾಳುಮೆಣಸಿಗೆ ಒಳ್ಳೆಯ ಬೆಲೆ ಬಂದಿದ್ದಾಗ ಕೊಂಡದ್ದು. ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು, ತೋಟ ನೋಡಿಕೊಳ್ಳುತ್ತೇನೆಂದು ವಾಪಸು ಬರುವಾಗ ಸೆಕೆಂಡ್ ಹ್ಯಾಂಡ್ ಪೋರ್ಷೆ 718 ಕೇಮನ್ ತಂದ. ಎರಡು ಲೀಟರು, ನಾಲ್ಕೇ ಸಿಲಿಂಡರು, ಎಂಜಿನಿಗೆ ಗಾಳಿ ಒತ್ತಿ ತುಂಬುವ ಟರ್ಬೊ, 300 ಪಿಎಸ್. ಮೊದಲ ದಿನ ಅದು ಕಣದ ಅಂಚಿಗೆ ಬಂದು ನಿಂತಾಗ ಭಾವ, "ಪಲ್ಪರಿನ ಮೋಟಾರಿಗೆ ಯಾಕಪ್ಪ ಚಕ್ರ ಹಾಕಿಸಿದೆ?" ಎಂದರು. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಅಣ್ಣ ನಗಲಿಲ್ಲ. ಅಲ್ಲಿಂದ ಶುರು.

ಕಳೆದ ತಿಂಗಳು, ಅರೇಬಿಕಾ ಕಾಫಿ ಕೊಯ್ಲು ಮುಗಿದು ಎಲ್ಲರಿಗೂ ಕೈ ಬಿಡುವಾದ ಮೇಲೆ, ಬೆಳಗಿನ ಐದೂವರೆಗೆ ಕಡೂರು ರಸ್ತೆಯ ಒಂದು ನೇರ ತುಂಡಿನಲ್ಲಿ ಎರಡೂ ಕಾರುಗಳನ್ನು ಪರೀಕ್ಷಿಸುವುದೆಂದು ತೀರ್ಮಾನವಾಯಿತು. ಅಕ್ಕಪಕ್ಕ ಓಡಿಸಿದ್ದಲ್ಲ, ಒಂದಾದ ಮೇಲೊಂದು. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದೇ ಪರೀಕ್ಷೆ. ಅಳೆಯುವ ಕೆಲಸ ನನ್ನ ಪಾಲಿಗೆ ಬಂತು: ಪಕ್ಕದ ಸೀಟಿನಲ್ಲಿ ಕುಳಿತು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ಮುಳ್ಳು ನೂರು ಮುಟ್ಟಿದ ಕೂಡಲೇ ಒತ್ತಬೇಕು. ಕೇಮನ್ 5.3 ಸೆಕೆಂಡು ಬಂತು. ಮಸ್ಟಾಂಗ್ 5.9.

ಭಾವ ಸೀಟಿನಿಂದ ಇಳಿಯುವ ಮೊದಲೇ ತಕರಾರು ತೆಗೆದರು. ನಾನು ಅಣ್ಣನ ಸಲ ಬೇಗ ಒತ್ತಿದೆನಂತೆ. ಕೇಮನ್ ಕಡೂರಿನ ಕಡೆಗೆ ಮುಖ ಮಾಡಿ ಓಡಿತು, ಮಸ್ಟಾಂಗ್ ವಾಪಸು ಬರುವಾಗ ಚಿಕ್ಕಮಗಳೂರಿನ ಕಡೆಗೆ ಓಡಿತು. ಅತ್ತ ಇಳಿಜಾರು, ಇತ್ತ ಏರು. ಅಮೆರಿಕದ ಪತ್ರಿಕೆಗಳಲ್ಲಿ ಮಸ್ಟಾಂಗಿಗೆ ನಾಲ್ಕೂವರೆ ಸೆಕೆಂಡಿನ ಆಸುಪಾಸು ಬರೆದಿದ್ದಾರೆ, ಆದ್ದರಿಂದ ನನ್ನ 5.9 ಹಸಿ ಸುಳ್ಳು. ಕೊನೆಗೆ ಡಿಕ್ಕಿ ತೆಗೆದು ತೋರಿಸಿದರು: ಒಂದು ಪೂರ್ತಿ ಚೀಲ ರಸಗೊಬ್ಬರ ಮಲಗಿತ್ತು. ಇಳಿಸಲು ಮರೆತಿದ್ದರಂತೆ. ಮಸ್ಟಾಂಗಿನ ಡಿಕ್ಕಿಯಲ್ಲಿ ಗೊಬ್ಬರ ಸಾಗಿಸುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಣ್ಣ ಹೇಳುವುದು ಒಂದೇ ಮಾತು: "ಕುಣಿಯಲಾರದವನಿಗೆ ನೆಲ ಡೊಂಕು."

ಪಣ ಏನೆಂದರೆ, ಸೋತವರು ಎರಡೂ ಮನೆಯ ಹದಿನಾಲ್ಕು ಜನರಿಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ಕೊಡಿಸಬೇಕು. ದುಡ್ಡಿನ ಮಾತಲ್ಲ ಎಂದು ಇಬ್ಬರೂ ಹೇಳುತ್ತಾರೆ. ಮುಂದಿನ ಸಲ ಯಾರೂ ಬಾಯಿ ತೆಗೆಯದ ಹಾಗೆ ಹೋಲಿಸುವುದು ಹೇಗೆ? ತಿಳಿದವರು ಹೇಳಿ. ಎರಡೂ ಕಡೆಯಿಂದ ಬೈಸಿಕೊಳ್ಳುತ್ತಿರುವವನು ನಾನೊಬ್ಬನೇ.

ಸಖರಾಯಪಟ್ಟಣದ ಹಾಲಿನ ವ್ಯಾನ್

ಐದೂವರೆಗೆ ಆ ರಸ್ತೆಯಲ್ಲಿ ಯಾರೂ ಇರುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು? ನಾನಿರುತ್ತೇನೆ. ವ್ಯಾನಿನಲ್ಲಿ ಹಾಲಿನ ಕ್ಯಾನು ತುಂಬಿಕೊಂಡು. ಒಂದು ದೀಪವಿಲ್ಲದ ಟ್ರ್ಯಾಕ್ಟರೂ ಇರುತ್ತದೆ, ಕೆಲವು ದಿನ ಎಮ್ಮೆಗಳೂ ಇರುತ್ತವೆ. ಮುಂದಿನ ಸಲ ಎಂಬುದನ್ನು ಈ ರಸ್ತೆಯಲ್ಲಿ ಇಟ್ಟುಕೊಳ್ಳಬೇಡಿ. ನಿಮ್ಮ ಭಾವನವರ ಗೊಬ್ಬರದ ಚೀಲಕ್ಕಿಂತ ನನ್ನ ಎರಡು ಮಕ್ಕಳ ತೂಕ ಜಾಸ್ತಿ.

ಹಾಸನ ಗ್ಯಾರೇಜು

ಹಾಲಿನವರು ಹೇಳಿದ್ದು ಸರಿ, ಅದನ್ನು ಮೊದಲು ಕಿವಿಗೆ ಹಾಕಿಕೊಳ್ಳಿ. ನನ್ನದು ಬರಿಯ ಮೆಕ್ಯಾನಿಕ್ಕಿನ ಮಾತು.

ನಿಮ್ಮ ಎರಡು ಅಂಕಿಗಳನ್ನೂ ಕಸದ ಬುಟ್ಟಿಗೆ ಹಾಕಿ. ಕಣ್ಣು ನೋಡಿ ಬೆರಳು ಒತ್ತುವುದರೊಳಗೆ ಸೆಕೆಂಡಿನ ಐದನೆಯ ಒಂದು ಭಾಗ ಕಳೆದಿರುತ್ತದೆ. ಅದು ಪ್ರತಿ ಸಲ ಒಂದೇ ಸಮನಾಗಿಯೂ ಕಳೆಯುವುದಿಲ್ಲ. ಅದಕ್ಕಿಂತ ದೊಡ್ಡ ಮೋಸ ಮುಳ್ಳಿನದು. ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗಿಲ್ಲ, ಹೆಚ್ಚು ತೋರಿಸಬಹುದು. ಯುರೋಪಿನ ನಿಯಮದಲ್ಲಿ ನಿಜವಾದ ವೇಗದ ಮೇಲೆ ಶೇಕಡಾ 10, ಅದರ ಮೇಲೆ ಇನ್ನೂ 4 ಕಿ.ಮೀ.ವರೆಗೆ ಹೆಚ್ಚು ತೋರಿಸಲು ಅವಕಾಶವಿದೆ. ಅಂದರೆ ನೂರರಲ್ಲಿ ಓಡುತ್ತಿರುವ ಕಾರು 114 ಎಂದು ತೋರಿಸಿದರೂ ಕಾನೂನಿನ ಪ್ರಕಾರ ತಪ್ಪಿಲ್ಲ. ಎಲ್ಲ ಕಂಪನಿಗಳೂ ಸ್ವಲ್ಪ ಮುಂದಕ್ಕೇ ಇಟ್ಟಿರುತ್ತವೆ, ಒಂದೊಂದು ಒಂದೊಂದು ಅಳತೆಯಲ್ಲಿ. ಒಂದು ಕಾರು ನಿಜವಾಗಿ 94ಕ್ಕೆ, ಇನ್ನೊಂದು 98ಕ್ಕೆ "ನೂರು ಮುಟ್ಟಿತು" ಎಂದರೆ ನೀವು ಹೋಲಿಸಿದ್ದು ಕಾರುಗಳನ್ನಲ್ಲ, ಎರಡು ಮುಳ್ಳುಗಳನ್ನು.

ಮೊಬೈಲಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಮ್ಮೆ ಲೆಕ್ಕ ಕೊಡುತ್ತದೆ. ಐದು ಸೆಕೆಂಡಿನ ಕೆಲಸಕ್ಕೆ ಅದು ಸಾಲದು. ಸೆಕೆಂಡಿಗೆ ಹತ್ತು ಸಲವಾದರೂ ಅಳೆಯುವ ಜಿಪಿಎಸ್ ಪೆಟ್ಟಿಗೆ ಬೇಕು. ಪರೀಕ್ಷೆ ಮಾಡುವ ಪತ್ರಿಕೆಯವರು ವಿಬಾಕ್ಸ್ ಎಂಬುದನ್ನು ಬಳಸುತ್ತಾರೆ, ಅಷ್ಟು ದುಬಾರಿಯಲ್ಲದ ಚಿಕ್ಕವೂ ಸಿಗುತ್ತವೆ.

ಇನ್ನು ಅಮೆರಿಕದ ನಾಲ್ಕೂವರೆ ಸೆಕೆಂಡು. ಅವರು ಅಳೆಯುವುದು ಗಂಟೆಗೆ 60 ಮೈಲಿಗೆ, ಅಂದರೆ 96.5 ಕಿ.ಮೀ.ಗೆ. ಅದರ ಜೊತೆಗೆ, ಕಾರು ಹೊರಟ ಮೊದಲ ಒಂದು ಅಡಿಯನ್ನು ಗಡಿಯಾರಕ್ಕೆ ಸೇರಿಸುವುದಿಲ್ಲ. ಡ್ರ್ಯಾಗ್ ಎಂಬ ನೇರ ಓಟದ ಪಂದ್ಯದ ರಸ್ತೆಯಲ್ಲಿ ಮುಂದಿನ ಚಕ್ರ ಬೆಳಕಿನ ಕಿರಣವನ್ನು ದಾಟಿದ ಮೇಲೆ ಗಡಿಯಾರ ಶುರುವಾಗುತ್ತಿತ್ತು, ಆ ಪದ್ಧತಿ ಹಾಗೆಯೇ ಉಳಿದುಕೊಂಡಿತು. ಒಂದು ಅಡಿ ಎಂದರೆ ಏನು ಮಹಾ ಎನ್ನಬೇಡಿ, ನಿಂತ ಕಾರು ಅಷ್ಟು ಸರಿಯಲು ಕಾಲು ಸೆಕೆಂಡು ತೆಗೆದುಕೊಳ್ಳುತ್ತದೆ. ಕೊನೆಯ ಮೂರೂವರೆ ಕಿ.ಮೀ. ವೇಗಕ್ಕೆ ಇನ್ನೊಂದು ಕಾಲು ಸೆಕೆಂಡು. ಕಾರು ಏನೂ ಮಾಡದೆ ಅರ್ಧ ಸೆಕೆಂಡು ಉಳಿಯಿತು ನೋಡಿ. ನಿಮ್ಮ ಭಾವ ಸುಳ್ಳು ಹೇಳುತ್ತಿಲ್ಲ, ಬೇರೆ ಅಳತೆಪಟ್ಟಿ ಹಿಡಿದಿದ್ದಾರೆ.

ಪಿಎಸ್ ಎಂಬುದನ್ನೂ ಹುಷಾರಾಗಿ ಓದಿ. ಅದು 735.5 ವ್ಯಾಟು, ಬ್ರಿಟಿಷರ ಬಿಎಚ್‌ಪಿ 745.7 ವ್ಯಾಟು. ಮಸ್ಟಾಂಗಿನ 401 ಪಿಎಸ್ ಎಂದರೆ 395 ಬಿಎಚ್‌ಪಿ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಇಟ್ಟುಕೊಂಡು ಜಗಳವಾಡುವವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ. ತೂಕವೂ ಅಷ್ಟೇ. ಪಿಡಿಕೆ ಎಂಬ ಸ್ವಯಂಚಾಲಿತ ಗೇರ್‌ಬಾಕ್ಸಿನ ನಿಮ್ಮ ಕೇಮನ್ನಿಗೆ ಪೋರ್ಷೆಯವರೇ ಎರಡು ತೂಕ ಕೊಡುತ್ತಾರೆ: ಒಂದು 1,365 ಕಿಲೊ, ಇನ್ನೊಂದು 1,440. ಎರಡನೆಯದರಲ್ಲಿ ಓಡಿಸುವವನ 75 ಕಿಲೊ ಸೇರಿದೆ.

"ಡೈನೊ ಮೇಲೆ ಹಾಕಿಸಿ ನೋಡೋಣ" ಎಂದು ಯಾರಾದರೂ ಹೇಳಿದರೆ ನನ್ನ ಕಥೆ ನೆನಪಿರಲಿ. ಡೈನೊ ಎಂದರೆ ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ತಿರುಗಿಸಿ ಶಕ್ತಿ ಅಳೆಯುವ ಯಂತ್ರ. ಗಿರಾಕಿಯೊಬ್ಬರ ಟರ್ಬೊ ಕಾರನ್ನು ಒಂದೇ ತಿಂಗಳಲ್ಲಿ ಎರಡು ಊರುಗಳ ಡೈನೊ ಮೇಲೆ ಹತ್ತಿಸಿದ್ದೆ. ಒಂದು ಬೋಲ್ಟನ್ನೂ ಮುಟ್ಟಿರಲಿಲ್ಲ. ಎರಡನೆಯ ಕಡೆ 22 ಅಶ್ವಶಕ್ತಿ ಜಾಸ್ತಿ ಬಂತು. ಗಿರಾಕಿ ಕುಣಿದಾಡಿದರು. ನಾನು ಸುತ್ತ ನೋಡಿದೆ: ಗಾಳಿಯ ತಾಪ ಅಳೆಯುವ ಸೆನ್ಸರನ್ನು ಎಂಜಿನಿನ ಬಿಸಿ ಹೊಡೆಯುವ ಕಡೆ ನೇತುಹಾಕಿದ್ದರು. ಯಂತ್ರ "ಅಯ್ಯೋ, ಇಷ್ಟು ಸೆಕೆಯಲ್ಲಿ ಇಷ್ಟು ಕೊಟ್ಟಿದೆಯಲ್ಲ" ಎಂದು ಕನಿಕರಪಟ್ಟು ತಾನೇ ಒಂದಿಷ್ಟು ಸೇರಿಸಿ ಮುದ್ರಿಸಿಕೊಟ್ಟಿತ್ತು. ಆ ಅಂಗಡಿಯ ಹೆಸರು ಹೇಳುವುದಿಲ್ಲ. ಡೈನೊ ಕೆಟ್ಟದ್ದೆಂದೂ ಅಲ್ಲ. ಒಂದೇ ಕಾರಿಗೆ ಕೆಲಸ ಮಾಡಿಸುವ ಮೊದಲು, ಆಮೇಲೆ, ಅದೇ ಡೈನೊ ಮೇಲೆ ನೋಡಲು ಅದರಷ್ಟು ಒಳ್ಳೆಯದು ಬೇರೆಯಿಲ್ಲ. ಬೇರೆ ಬೇರೆ ಕಡೆಯ ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ಅದಕ್ಕೆ ಅರ್ಥವಿಲ್ಲ.

ಹಳೆಯ ಕಪ್

ಇಷ್ಟು ದಿನ ಇಲ್ಲಿ ಓದುತ್ತಿದ್ದೆ, ಬರೆದದ್ದು ಕಡಿಮೆ. ಈ ಪ್ರಶ್ನೆ ನನ್ನ ಎರಡು ಹುಚ್ಚುಗಳನ್ನೂ ಒಟ್ಟಿಗೆ ಕೆಣಕಿರುವುದರಿಂದ ಉದ್ದವಾದರೆ ಕ್ಷಮೆಯಿರಲಿ.

ಹೊಟ್ಟೆಪಾಡಿಗೆ ಮೂವತ್ತೊಂದು ವರ್ಷ ಕಾಫಿಯ ರುಚಿ ನೋಡಿದವನು ನಾನು, ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ. ನಮ್ಮ ತೋಟಗಳಲ್ಲಿ ಕಾರುಗಳ ರ‍್ಯಾಲಿ ನಡೆಯುವಾಗ, ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನದೂ ಏಷ್ಯಾ ಪೆಸಿಫಿಕ್‌ನದೂ, ಸ್ಟೇಜಿನ, ಅಂದರೆ ಗಡಿಯಾರ ಇಟ್ಟು ಓಡಿಸುವ ದಾರಿಯ ತುಂಡಿನ, ಕೊನೆಯಲ್ಲಿ ಗಡಿಯಾರದ ಮೇಜಿನ ಹಿಂದೆ ಸ್ವಯಂಸೇವಕನಾಗಿ ಕುಳಿತಿದ್ದೇನೆ. ಎರಡು ಕಡೆಯೂ ಕೆಲಸ ಒಂದೇ: ಬೇರೆ ಬೇರೆ ಜಾತಿಯ ಎರಡನ್ನು ಮುಂದಿಟ್ಟುಕೊಂಡು ಯಾವುದು ಹೆಚ್ಚು ಎಂದು ಹೇಳುವುದು, ಹೇಳಿದ ಮೇಲೆ ಹೊಡೆಸಿಕೊಳ್ಳದೆ ಮನೆಗೆ ಹೋಗುವುದು.

ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷೆ, ಮಾಡುವಾಗ ಒಂದು ಲೋಟಕ್ಕೆ 150 ಮಿ.ಲೀ. ನೀರಿಗೆ 8.25 ಗ್ರಾಂ ಪುಡಿ. ಒಂದೇ ಹದದ ಹುರಿ, ಒಂದೇ ಹದದ ಪುಡಿ. ನೀರು 93 ಡಿಗ್ರಿ ಆಸುಪಾಸು. ನಾಲ್ಕು ನಿಮಿಷ ಬಿಟ್ಟು ಮೇಲಿನ ಕೆನೆ ಒಡೆಯಬೇಕು. ಒಂದೊಂದು ಮಾದರಿಗೂ ಐದೈದು ಲೋಟ, ಏಕೆಂದರೆ ಒಂದು ಕೆಟ್ಟ ಬೀಜ ಒಂದು ಲೋಟವನ್ನು ಹಾಳು ಮಾಡಬಹುದು. ಲೋಟದ ಮೇಲೆ ತೋಟದ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಹೆಸರು ಕಂಡರೆ ನಾಲಿಗೆ ಸುಳ್ಳು ಹೇಳುತ್ತದೆ; ಸ್ವಂತ ಮಾವನ ತೋಟದ ಕಾಫಿಗೆ ನಾನೇ ಅರ್ಧ ಅಂಕ ಹೆಚ್ಚು ಕೊಟ್ಟು ಸಿಕ್ಕಿಬಿದ್ದಿದ್ದೇನೆ. ನಿಮ್ಮ ಕಡೂರು ರಸ್ತೆಯ ಪರೀಕ್ಷೆಯಲ್ಲಿ ಒಂದು ಕಾರಿಗೆ ಒಂದೇ ಲೋಟ. ಅದೂ ಒಂದಕ್ಕೆ ಇಳಿಜಾರಿನ ಲೋಟ.

ಇಳಿಜಾರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2017ರಲ್ಲಿ ಅಮೆರಿಕದ ನೆವಾಡಾದಲ್ಲಿ ಮುಚ್ಚಿದ ಹೆದ್ದಾರಿಯ ಮೇಲೆ ಕೊನಿಗ್‌ಸೆಗ್ ಅಗೇರಾ ಆರ್‌ಎಸ್ ವೇಗದ ದಾಖಲೆ ಮಾಡಿತು. ಒಂದು ದಿಕ್ಕಿನಲ್ಲಿ ಗಂಟೆಗೆ ಸುಮಾರು 458 ಕಿ.ಮೀ., ತಿರುಗಿ ಬರುವಾಗ ಸುಮಾರು 436. ಅದೇ ಕಾರು, ಅದೇ ರಸ್ತೆ. ದಾಖಲೆ ಎಂದು ಬರೆದದ್ದು ಎರಡರ ಸರಾಸರಿಯನ್ನು, 447. ಎರಡು ವರ್ಷದ ನಂತರ ಬುಗಾಟಿ ಜರ್ಮನಿಯ ಪರೀಕ್ಷಾ ರಸ್ತೆಯಲ್ಲಿ 490 ಮುಟ್ಟಿತು, ಒಂದೇ ದಿಕ್ಕಿನಲ್ಲಿ. ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದರೂ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದು ನನ್ನ ಕೈಯಲ್ಲಾಗದು. ನಿಮ್ಮ ಭಾವನವರ ಆ ಒಂದು ತಕರಾರು ನೂರಕ್ಕೆ ನೂರು ನ್ಯಾಯವಾದದ್ದು. ಕಡೂರು ಚಿಕ್ಕಮಗಳೂರಿಗಿಂತ ಮುನ್ನೂರು ಮೀಟರಿನಷ್ಟು ತಗ್ಗಿನಲ್ಲಿದೆ.

ನೀವು ಯಾರೂ ಎತ್ತದ ಮಾತೊಂದಿದೆ. ಅದು ಗೊಬ್ಬರದ ಚೀಲಕ್ಕಿಂತಲೂ ಭಾರ.

ನಮ್ಮ ಊರಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಥರ್ಮಾಮೀಟರು ಕೆಟ್ಟಿದೆಯೆಂದು ಎರಡು ಬದಲಾಯಿಸಿದ್ದೆ. ಮೂರನೆಯದೂ 96 ದಾಟಿ ಸ್ವಲ್ಪಕ್ಕೇ ನಿಂತಾಗ ಹಿರಿಯರೊಬ್ಬರು ನಕ್ಕು, "ಥರ್ಮಾಮೀಟರು ಸರಿಯಾಗಿದೆ, ಊರು ಎತ್ತರದಲ್ಲಿದೆ" ಎಂದರು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ 12ರಷ್ಟು ಕಡಿಮೆ. ನೀರು ಬೇಗ ಕುದಿಯುವುದೂ ಅದಕ್ಕೇ, ಮಸ್ಟಾಂಗ್ ಸುಸ್ತಾಗುವುದೂ ಅದಕ್ಕೇ.

ಮಸ್ಟಾಂಗಿನ ವಿ8 ತಾನಾಗಿ ಉಸಿರೆಳೆದುಕೊಳ್ಳುವ ಎಂಜಿನ್. ಹೊರಗಿನ ಗಾಳಿ ತೆಳುವಾದಷ್ಟೂ ಸಿಲಿಂಡರಿಗೆ ಸಿಗುವ ಆಮ್ಲಜನಕ ಕಡಿಮೆ, ಶಕ್ತಿಯೂ ಕಡಿಮೆ. ಸಾವಿರ ಮೀಟರಿಗೆ ಹತ್ತರಲ್ಲೊಂದು ಪಾಲು ಹೋಯಿತೆಂದು ಲೆಕ್ಕವಿಡಬಹುದು. 401 ಇಲ್ಲಿಗೆ ಬರುವಷ್ಟರಲ್ಲಿ 361 ಆಗಿರುತ್ತದೆ. ಕೇಮನ್ನಿನ ಟರ್ಬೊ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಗಾಳಿ ತೆಳುವಾದರೆ ಅದರ ಚಕ್ರ ಇನ್ನಷ್ಟು ಜೋರಾಗಿ ತಿರುಗಿ ಒಳಗಿನ ಒತ್ತಡವನ್ನು ಹೆಚ್ಚು ಕಡಿಮೆ ಅಷ್ಟೇ ಇಡುತ್ತದೆ. ಅದಕ್ಕೂ ಒಂದು ಮಿತಿಯಿದೆ, ನಮ್ಮ ಎತ್ತರ ಆ ಮಿತಿಯನ್ನು ಮುಟ್ಟಿಸುವಂಥದ್ದಲ್ಲ.

ಈಗ ಲೆಕ್ಕ ಹಾಕಿ. ಮಸ್ಟಾಂಗ್ ಸುಮಾರು ಒಂದೂಮುಕ್ಕಾಲು ಟನ್. ಎರಡಕ್ಕೂ ಓಡಿಸುವವರ 75 ಕಿಲೊ ಸೇರಿಸಿ. ಮಂಗಳೂರಿನಲ್ಲಿ ಟನ್ನಿಗೆ ಮಸ್ಟಾಂಗಿಗೆ 220 ಪಿಎಸ್, ಕೇಮನ್ನಿಗೆ 208. ಚಿಕ್ಕಮಗಳೂರಿನಲ್ಲಿ ಮಸ್ಟಾಂಗಿಗೆ 198ಕ್ಕೆ ಇಳಿಯುತ್ತದೆ, ಕೇಮನ್ 208ರ ಆಸುಪಾಸಿನಲ್ಲೇ ನಿಂತಿರುತ್ತದೆ. ಚಾರ್ಮಾಡಿ ಘಾಟಿ ಹತ್ತುವಷ್ಟರಲ್ಲಿ ಎರಡೂ ಕಾರು ಸ್ಥಾನ ಅದಲುಬದಲು ಮಾಡಿಕೊಂಡಿರುತ್ತವೆ! ಡಿಸೆಂಬರಿನ ಮುಂಜಾವಿನ ಚಳಿ ಸ್ವಲ್ಪ ಮರಳಿಸುತ್ತದೆ ನಿಜ, ತಾಪ ಹತ್ತು ಡಿಗ್ರಿ ಇಳಿದರೆ ಗಾಳಿ ಶೇಕಡಾ ಮೂರೂವರೆಯಷ್ಟು ದಟ್ಟವಾಗುತ್ತದೆ. ಆದರೂ ನೀವು ಕೇಳಬೇಕಾದದ್ದು "ಯಾವುದು ವೇಗ" ಎಂದಲ್ಲ, "ಯಾವ ಊರಿನಲ್ಲಿ" ಎಂದು.

ಊರು ಒಂದೇ ಆದರೂ ಪೂರ್ತಿ ಮುಗಿಯಲಿಲ್ಲ. ನಿಂತಲ್ಲಿಂದ ಹೊರಡುವ ಪರೀಕ್ಷೆ ಎಂಜಿನಿಗಿಂತ ಹೆಚ್ಚಾಗಿ ಹಿಂದಿನ ಎರಡು ಟೈರುಗಳ ಪರೀಕ್ಷೆ. ಕೇಮನ್ನಿನ ಎಂಜಿನ್ ಸೀಟಿನ ಬೆನ್ನಿಗೇ ಇದೆ, ಭಾರದ ಹೆಚ್ಚಿನ ಪಾಲು ಓಡಿಸುವ ಚಕ್ರದ ಮೇಲೆ ಕೂರುತ್ತದೆ. ಮಸ್ಟಾಂಗಿನ ಭಾರ ಮುಂದೆ, ಶಕ್ತಿ ಹಿಂದೆ. ಒತ್ತಿದರೆ ಮೊದಲು ಟೈರು ತಿರುಗಿ ಹೊಗೆ ಬರುತ್ತದೆ, ಆಮೇಲೆ ಕಾರು ಹೊರಡುತ್ತದೆ. ಎಂಜಿನಿನ ಕಸುವು ಬೇಕೆಂದರೆ ಓಡುತ್ತಿರುವಾಗಲೇ 80ರಿಂದ 120ಕ್ಕೆ ಎಷ್ಟು ಹೊತ್ತು ಎಂದು ಅಳೆಯಿರಿ. ಡ್ರ್ಯಾಗ್ ಓಡಿಸುವವರು 402 ಮೀಟರಿನ ಕೊನೆಯಲ್ಲಿ ಎರಡು ಅಂಕಿ ಬರೆದುಕೊಳ್ಳುತ್ತಾರೆ, ತೆಗೆದುಕೊಂಡ ಹೊತ್ತು ಮತ್ತು ದಾಟುವಾಗಿನ ವೇಗ. ಹೊತ್ತಿನಲ್ಲಿ ಹಿಡಿತ ಕಾಣುತ್ತದೆ, ವೇಗದಲ್ಲಿ ಶಕ್ತಿ.

ಇಡೀ ಕಾರನ್ನು ತೂಗಬೇಕೆಂದರೆ ಸುತ್ತು ಹಾಕಿಸಬೇಕು: ತಿರುವು, ಬ್ರೇಕು, ಎಲ್ಲವೂ ಅದರೊಳಗಿದೆ. ಅಲ್ಲಿಯೂ ಜಗಳ ತಪ್ಪಿದ್ದಲ್ಲ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ 2008ರಲ್ಲಿ ನಿಸ್ಸಾನ್ ಜಿಟಿ-ಆರ್ 7 ನಿಮಿಷ 29 ಸೆಕೆಂಡಿನಲ್ಲಿ ಸುತ್ತು ಮುಗಿಸಿತೆಂದು ಕಂಪನಿ ಹೇಳಿತು. ಪೋರ್ಷೆಯವರು ಅದೇ ಕಾರನ್ನು ಕೊಂಡು ತಾವೇ ಓಡಿಸಿ, ನಮಗೆ 7 ನಿಮಿಷ 54 ಬಂತು ಎಂದರು. ಇಪ್ಪತ್ತೈದು ಸೆಕೆಂಡಿನ ಅಂತರ! ಟೈರಿನ ಮೇಲೆ, ಓಡಿಸಿದವರ ಮೇಲೆ ಎರಡೂ ಕಡೆ ಕೆಸರೆರಚಾಟವಾಯಿತು. ಆ ಟ್ರ್ಯಾಕಿನ ಉದ್ದವೇ ಎರಡು ಬಗೆ. ಮೊದಲು ಗ್ರ್ಯಾಂಡ್‌ಸ್ಟ್ಯಾಂಡ್ ಮುಂದಿನ ಒಂದು ತುಂಡನ್ನು ಬಿಟ್ಟು 20.6 ಕಿ.ಮೀ.ಗೆ ಅಳೆಯುತ್ತಿದ್ದರು, 2019ರಿಂದ ಪೂರ್ತಿ 20.832 ಕಿ.ಮೀ. 2021ರಲ್ಲಿ ಪೋರ್ಷೆ 911 ಜಿಟಿ2 ಆರ್‌ಎಸ್ ಒಂದೇ ಓಟದಲ್ಲಿ ಎರಡು ಅಂಕಿ ಬರೆಸಿತು: ಪೂರ್ತಿ ಸುತ್ತಿಗೆ 6 ನಿಮಿಷ 43.300, ಹಳೆಯ ಅಳತೆಗೆ 6 ನಿಮಿಷ 38.835. ಹಳೆಯ ಪಟ್ಟಿಯನ್ನು ಹೊಸ ಪಟ್ಟಿಯ ಪಕ್ಕದಲ್ಲಿ ಇಟ್ಟು ವಾದ ಮಾಡುವವರು ಈ ನಾಲ್ಕೂವರೆ ಸೆಕೆಂಡನ್ನು ನುಂಗಿಬಿಡುತ್ತಾರೆ.

ರ‍್ಯಾಲಿಯಲ್ಲಿ ಕಲಿತ ಒಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ತೋಟದ ಮಣ್ಣುರಸ್ತೆಯಲ್ಲಿ ಕಾರುಗಳನ್ನು ಒಂದೊಂದಾಗಿ, ನಡುವೆ ಹೊತ್ತು ಬಿಟ್ಟು ಕಳಿಸುತ್ತಾರೆ. ಗಡಿಯಾರ ಒಂದೇ, ದಾರಿ ಒಂದೇ. ಹಾಗಿದ್ದೂ ಮೊದಲ ಕಾರಿನವನ ಪಾಡು ಬೇರೆ: ಮೇಲಿನ ಸಡಿಲ ಜಲ್ಲಿಯನ್ನೆಲ್ಲ ಗುಡಿಸುವವನು ಅವನೇ. ಹಿಂದೆ ಬರುವವರಿಗೆ ಗಟ್ಟಿ ನೆಲ ಸಿಗುತ್ತದೆ. ತೀರಾ ಹಿಂದಿನವರಿಗೆ ಸಿಲ್ವರ್ ಓಕ್ ಮರಗಳ ನಡುವೆ ಕದಲದೆ ನಿಂತ ಧೂಳೂ, ಮುಂದಿನವರು ತೋಡಿಟ್ಟ ಗುಂಡಿಗಳೂ ಸಿಗುತ್ತವೆ. ಒಂದು ಸಲ ಮೂರನೆಯದಾಗಿ ಹೊರಟ ಹುಡುಗ ಬಂದು "ನಾನೇ ವೇಗ" ಎಂದು ನನ್ನ ಮೇಜು ಗುದ್ದಿದ. ಮೊದಲು ಹೊರಟಿದ್ದವನು ಹೆಲ್ಮೆಟ್ಟಿನೊಳಗಿಂದಲೇ, "ನಾಳೆ ನೀನು ಗುಡಿಸು" ಎಂದ. ಮರುದಿನ ಹುಡುಗ ಗುಡಿಸಿದ. ಮೇಜಿನ ಹತ್ತಿರ ಬರಲಿಲ್ಲ.

ಭಾವನವರನ್ನೂ ಅಣ್ಣನವರನ್ನೂ ಕೊಯಮತ್ತೂರಿನ ರೇಸ್ ಟ್ರ್ಯಾಕು ಕರಿ ಮೋಟಾರ್ ಸ್ಪೀಡ್‌ವೇಗೆ ಕರೆದುಕೊಂಡು ಹೋಗಿ. ಸುಮಾರು 400 ಮೀಟರ್ ಎತ್ತರದ ಊರು, ಇಬ್ಬರ ವಾದಕ್ಕೂ ನಡುವೆ. ಇಬ್ಬರೂ ಎರಡೂ ಕಾರುಗಳನ್ನು ಓಡಿಸಲಿ. ಭಾವನವರ ಕೈಯಲ್ಲಿ ಕೇಮನ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬ ಅಂಕಿ ನಿಮ್ಮ ಬಳಿ ಇಲ್ಲದಿದ್ದರೆ ನೀವು ಹೋಲಿಸಿದ್ದು ಭಾವನವರನ್ನೂ ಅಣ್ಣನನ್ನೂ.

ಆಲ್ದೂರಿನ ಭಾವಮೈದುನ

ಕಪ್ ಸರ್, ನಿಮ್ಮ ಬರಹವನ್ನು ರಾತ್ರಿ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದೆ. ಓದಬಾರದಿತ್ತು. 220, 208, 198 ಎಂಬಲ್ಲಿಗೆ ಬಂದಾಗ ಭಾವ ಕೈ ತೊಳೆದುಕೊಂಡು ಬಂದು ನನ್ನ ಮೊಬೈಲ್ ಕಿತ್ತುಕೊಂಡು ತಾವೇ ಓದಿದರು. ಆಮೇಲೆ ಹೇಳಿದ್ದು: "ನೋಡಿದೆಯಾ, ಸೋತದ್ದು ಕಾರಲ್ಲ, ಊರು." ಅಣ್ಣ, "ಹಾಗಾದರೆ ಊರಿನವರೆಲ್ಲರಿಗೂ ನೀವೇ ನೀರುದೋಸೆ ಕೊಡಿಸಿ" ಎಂದ.

ಹಾಲಿನ ವ್ಯಾನಿನವರಿಗೆ ತಲೆಬಾಗಿ ಕ್ಷಮೆ ಕೇಳುತ್ತೇನೆ. ಅಮ್ಮನಿಗೂ ನಿಮ್ಮ ಮಾತು ಓದಿ ಹೇಳಿದೆ. ಇಬ್ಬರಿಗೂ ಸರಿಯಾಗಿ ಪೂಜೆಯಾಯಿತು. ಆ ರಸ್ತೆಯಲ್ಲಿ ಇನ್ನು ಇಲ್ಲ.

ಕೊಯಮತ್ತೂರು ಬಹುತೇಕ ಒಪ್ಪಿಗೆಯಾಗಿದೆ. ಹೊರಡುವ ಮೊದಲು ಏನೇನು ನೋಡಿಕೊಳ್ಳಬೇಕು?

ಬೇಲೂರು ಬೈಪಾಸು

ನಾನು ಅಲ್ಲಿ ನಾಲ್ಕು ಸಲ ಓಡಿಸಿದ್ದೇನೆ. ಅಷ್ಟೇನೂ ವೇಗವಾಗಿ ಅಲ್ಲ, ನಮ್ಮ ಯಜಮಾನರಿಗಿಂತ ವೇಗವಾಗಿ. ಕಂಡದ್ದನ್ನು ಹೇಳುತ್ತೇನೆ.

ಮೊದಲು ಕೇಮನ್, ಆಮೇಲೆ ಮಸ್ಟಾಂಗ್ ಎಂದು ಓಡಿಸಿ ಮನೆಗೆ ಬರಬೇಡಿ. ಕೇಮನ್, ಮಸ್ಟಾಂಗ್, ಮತ್ತೆ ಮಸ್ಟಾಂಗ್, ಕೊನೆಗೆ ಕೇಮನ್. ಬೆಳಗಿನಿಂದ ಮಧ್ಯಾಹ್ನದೊಳಗೆ ಡಾಂಬರು ಕಾಯುತ್ತಾ ಹೋಗುತ್ತದೆ, ಹಾಗಾಗಿ ಮೊದಲಿನವರಿಗೋ ಕೊನೆಯವರಿಗೋ ಲಾಭವಾಗುತ್ತದೆ. ಈ ಸರದಿಯಲ್ಲಿ ಅದು ಎರಡೂ ಕಡೆಗೆ ಹಂಚಿಹೋಗುತ್ತದೆ. ಅತ್ಯುತ್ತಮವಾದ ಒಂದು ಸುತ್ತನ್ನು ಹಿಡಿದುಕೊಂಡು ಕೂರಬೇಡಿ. ಐದು ಸುತ್ತು ಹಾಕಿ ನಡುವಿನದನ್ನು ನೋಡಿ. ಒಂದೂಮುಕ್ಕಾಲು ಟನ್ನಿನ ಕಾರಿನ ಬ್ರೇಕು ಮೂರನೆಯ ಸುತ್ತಿಗೆ ಏನಾಗುತ್ತದೆ ಎಂಬುದೂ ಕಾರಿನ ಗುಣವೇ. ನಮ್ಮ ಘಾಟಿ ಇಳಿಯುವವರಿಗೆ ನೂರು ಮುಟ್ಟುವ ಸೆಕೆಂಡಿಗಿಂತ ಅದು ಮುಖ್ಯ ಎಂದು ನನ್ನ ಅಭಿಪ್ರಾಯ.

ಪೆಟ್ರೋಲು ಎರಡಕ್ಕೂ ಒಂದೇ ಬಂಕಿನಲ್ಲಿ, ಹೆಚ್ಚಿನ ಆಕ್ಟೇನಿನದು (ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣ ಹೆಚ್ಚಿರುವುದು), ಟ್ಯಾಂಕಿನಲ್ಲಿ ಒಂದೇ ಮಟ್ಟಕ್ಕೆ. ಕೇಮನ್ನಿನಂಥ ಟರ್ಬೊ ಎಂಜಿನಿಗೆ ಕಡಿಮೆ ಆಕ್ಟೇನ್ ಹಾಕಿದರೆ ಅದು ತನ್ನನ್ನು ಕಾಪಾಡಿಕೊಳ್ಳಲು ಕಿಡಿ ಹಚ್ಚುವುದನ್ನು ತಡ ಮಾಡುತ್ತದೆ, ಶಕ್ತಿ ಇಳಿಯುತ್ತದೆ. ಅಲ್ಲಿಗೆ ಅಣ್ಣನವರ ತಕರಾರಿನ ಸರದಿ ಶುರುವಾಗುತ್ತದೆ.

ಎಲ್ಲಕ್ಕಿಂತ ಮೊದಲು ಟೈರು ನೋಡಿ. ಮೇಲಿನ ಗೀರು ಎಷ್ಟು ಆಳ ಉಳಿದಿದೆ ಎಂಬುದಲ್ಲ, ವಯಸ್ಸು. ಟೈರಿನ ಪಕ್ಕದಲ್ಲಿ ಸಣ್ಣ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ರಬ್ಬರು ಹಳೆಯದಾದರೆ ಕಲ್ಲಾಗುತ್ತದೆ, ನೋಡಲು ಹೊಸದರಂತೆಯೇ ಇರುತ್ತದೆ. ಒಂದರಲ್ಲಿ ಹೊಸ ಟೈರು, ಇನ್ನೊಂದರಲ್ಲಿ ಮುದಿ ಟೈರು ಇದ್ದರೆ ಕೊಯಮತ್ತೂರಿನವರೆಗೆ ಪೆಟ್ರೋಲು ಸುಡುವುದೇ ದಂಡ.

ಆಲ್ದೂರಿನ ಭಾವಮೈದುನ

ಮೇಡಂ, ಈಗಷ್ಟೇ ಟಾರ್ಚು ಹಿಡಿದು ಶೆಡ್ಡಿನೊಳಗೆ ಮಂಡಿಯೂರಿ ನೋಡಿ ಬಂದೆ.

ಕೇಮನ್ನಿನ ಟೈರು ಕಳೆದ ವರ್ಷದ್ದು, ನಾಲ್ಕೂ. ಮಸ್ಟಾಂಗಿನದು 0617. ಅಂದರೆ 2017ರ ಆರನೆಯ ವಾರ. ಕಾರಿನ ಜೊತೆಗೇ ಬಂದ ಟೈರುಗಳು. ಭಾವ ಅವುಗಳನ್ನು ಬೆರಳಿನಿಂದ ಒತ್ತಿ, "ಗಟ್ಟಿಯಾಗಿವೆಯಲ್ಲ, ಇನ್ನೂ ಬರುತ್ತವೆ" ಎಂದು ವರ್ಷಗಳಿಂದ ಹೆಮ್ಮೆಪಡುತ್ತಿದ್ದರು.

ಇವತ್ತು ಟೈರಿನ ಅಂಗಡಿಗೆ ಫೋನು ಮಾಡಿ ಆ ಅಳತೆಯ ನಾಲ್ಕಕ್ಕೆ ಎಷ್ಟಾಗುತ್ತದೆಂದು ಕೇಳಿದರು. ಕೇಳಿ, ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಅಕ್ಕನನ್ನು ಒಳಗೆ ಕರೆದು ಏನೋ ಮಾತಾಡಿದರು. ಹೊರಗೆ ಬಂದವರು ಭಾನುವಾರ ಎಲ್ಲರಿಗೂ ಕೊಟ್ಟಿಗೆಹಾರದಲ್ಲಿ ನೀರುದೋಸೆ ಎಂದು ಘೋಷಿಸಿದ್ದಾರೆ. ಸೋತದ್ದಕ್ಕಲ್ಲ, ಹಾಗೇ ಸುಮ್ಮನೆ ಎಂದು ನಾನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕಂತೆ. ಬರೆದಿದ್ದೇನೆ.

ಟೈರು ಕಾಳುಮೆಣಸಿನ ಕೊಯ್ಲಾದ ಮೇಲೆ. ಕೊಯಮತ್ತೂರು ಅದಾದ ಮೇಲೆ. ಗೊಬ್ಬರದ ಚೀಲ ಇನ್ನೂ ಡಿಕ್ಕಿಯಲ್ಲೇ ಇದೆ.